ಓದುಗರ ಪ್ರಶ್ನೆ: ಕೂಸಿನ ಜೊತೆ ಊರು ಸುತ್ತುವುದು

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎಳೆ ಮಕ್ಕಳ ತಾಯಂದಿರನ್ನು ಕರೆದುಕೊಂಡು, ಆ ಊರಿನ ಹೆಂಗಸರು ದುಡಿದ, ಹೆತ್ತ, ಜಗಳಕ್ಕೆ ನಿಂತ ಜಾಗಗಳನ್ನು ತೋರಿಸುತ್ತಾ ನಡೆಯುವ ಕನ್ನಡತಿಯೊಬ್ಬರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆವು. ಅದನ್ನು ಓದಿ ಬಂದ ಪ್ರಶ್ನೆಗಳನ್ನೆಲ್ಲ ಅವರಿಗೇ ಕಳಿಸಿಕೊಟ್ಟೆವು. ಕೆಲವಕ್ಕೆ ಅವರ ಉತ್ತರ ಇಲ್ಲಿದೆ.

ಮಗಳ ಬಾಣಂತನಕ್ಕೆ ಅಂತ ಗ್ಲಾಸ್ಗೋಗೆ ಬಂದಿದ್ದೇನೆ. ಮಗುವಿಗೆ ಈಗ ಹತ್ತು ವಾರ. ಮುಂದಿನ ವಾರ ಅದನ್ನೂ ಕಟ್ಟಿಕೊಂಡು ನಿಮ್ಮ ನಡಿಗೆಗೆ ಬರುತ್ತಾಳಂತೆ. ಈ ಚಳಿಯಲ್ಲಿ ಎಳೆ ಕೂಸನ್ನು ಬೀದಿ ಸುತ್ತಿಸುವುದು ಸರಿಯೇ? ಅಷ್ಟಕ್ಕೂ ಅಲ್ಲಿ ನೋಡುವಂಥದ್ದು ಏನಿದೆ?
— ಚಿಂತೆಯಲ್ಲಿರುವ ಅಜ್ಜಿ

ಅಮ್ಮಾ, ಮೊದಲು ಚಳಿಯ ವಿಷಯ ಮುಗಿಸಿಬಿಡೋಣ. ಹೆರಿಗೆಯಾಗಿ ಆರರಿಂದ ಎಂಟು ವಾರಕ್ಕೆ ಇಲ್ಲಿನ ಡಾಕ್ಟರು ತಾಯಿಯನ್ನೂ ಮಗುವನ್ನೂ ಒಮ್ಮೆ ಪರೀಕ್ಷೆ ಮಾಡುತ್ತಾರೆ. ಅದು ಮುಗಿದಿದ್ದು, ಮಗಳಿಗೆ ನಡೆಯಲು ನೋವಿಲ್ಲ ಅಂದರೆ ಹೊರಡಲಿ ಬಿಡಿ. ಸಿಸೇರಿಯನ್ ಆಗಿದ್ದರೆ ಡಾಕ್ಟರ ಮಾತೇ ಕೊನೆ. ಕೂಸಿಗೆ ಒಂದೇ ದಪ್ಪ ಸ್ವೆಟರ್ ಹಾಕುವ ಬದಲು ತೆಳು ಬಟ್ಟೆ ಎರಡು ಮೂರು ಪದರ ಹಾಕಿ. ಬಸ್ಸೋ ಅಂಗಡಿಯೋ ಹೊಕ್ಕ ಕೂಡಲೇ ಒಂದೊಂದಾಗಿ ಬಿಚ್ಚಬಹುದು. ಟೋಪಿಯನ್ನೂ ತೆಗೆಯಿರಿ. ಕೈ ತಣ್ಣಗಿದೆ ಎಂದು ಗಾಬರಿಯಾಗಬೇಡಿ, ಕತ್ತಿನ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಸಾಕು. ಗಾಳಿ ತಾಗಬಾರದು ಅಂತ ಪ್ರಾಮಿನ, ಅಂದರೆ ಕೂಸನ್ನು ಮಲಗಿಸಿ ತಳ್ಳುವ ಗಾಡಿಯ, ಬಾಯಿಗೆ ಶಾಲು ಹೊದಿಸಿ ಮುಚ್ಚುವ ಅಭ್ಯಾಸ ನಮ್ಮವರಿಗಿದೆ. ಅದೊಂದು ಬೇಡ. ಒಳಗೆ ಗಾಳಿಯಾಡದೆ ಕಾವು ಏರುತ್ತದೆ, ಅದು ಚಳಿಗಿಂತ ಅಪಾಯ.

ಇನ್ನು ನೋಡುವುದು ಏನಿದೆ ಅಂದಿರಿ. ನಾವು ಜಾಸ್ತಿ ನಡೆಯುವುದು ಗೋವನ್ ಎಂಬ ಕಡೆ. ಕ್ಲೈಡ್ ನದಿಯ ದಡದಲ್ಲಿ ಹಡಗು ಕಟ್ಟುತ್ತಿದ್ದವರ ಊರು. ಸಬ್‌ವೇ ಎಂಬ ನೆಲದಡಿ ರೈಲಿನ ಸ್ಟೇಷನ್ನಿನಿಂದ ಈಚೆ ಬಂದರೆ ಅಲ್ಲೇ ಒಬ್ಬ ಕಂಚಿನ ಹೆಣ್ಣುಮಗಳು ಮುಂದಕ್ಕೆ ಹೆಜ್ಜೆ ಇಡುತ್ತಿದ್ದಾಳೆ, ಹಿಂದೆ ಜನರ ಸಾಲು. ಮೇರಿ ಬಾರ್ಬರ್. ನೇಕಾರನ ಮಗಳು. 1915ರಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಹಡಗಿನ ಕೆಲಸಕ್ಕೆ, ಮದ್ದುಗುಂಡಿನ ಕಾರ್ಖಾನೆಗೆ ಸಾವಿರಾರು ಜನ ಬಂದು ತುಂಬಿಕೊಂಡರು. ಮನೆ ಸಿಗದಾಯಿತು. ಮಾಲೀಕರು ಸಮಯ ನೋಡಿ ಬಾಡಿಗೆ ಏರಿಸಿದರು. ಎಷ್ಟೋ ಮನೆಗಳಲ್ಲಿ ಗಂಡ ಯುದ್ಧಕ್ಕೆ ಹೋಗಿದ್ದಾನೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದಾಳೆ. ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ಹೆಂಗಸರು ಹಟ ಹಿಡಿದರು. ‘ನಾವು ಖಾಲಿ ಮಾಡುವುದಿಲ್ಲ’ ಎಂದು ಬರೆದ ಹಾಳೆಯನ್ನು ಕಿಟಕಿಗೆ ಅಂಟಿಸಿದರು.

ಗ್ಲಾಸ್ಗೋದ ಹಳೇ ಮನೆಗಳು ನಮ್ಮ ವಠಾರದ ಥರವೇ: ಒಂದೇ ಬಾಗಿಲು, ಒಂದೇ ಮೆಟ್ಟಿಲು, ಮಹಡಿ ಮಹಡಿಗೂ ಸಂಸಾರಗಳು. ಕೋರ್ಟಿನ ಅಮೀನರು ಸಾಮಾನು ಹೊರಹಾಕಲು ಬರುತ್ತಾರೆ ಅಂದರೆ ಒಬ್ಬಳು ಗಂಟೆ ಹಿಡಿದು ಕಾವಲು ಕೂರುತ್ತಿದ್ದಳು. ಗಂಟೆ ಬಾರಿಸಿದರೆ ಮುಗಿಯಿತು. ಒಲೆ ಮುಂದೆ ಇದ್ದವಳು, ಬಟ್ಟೆ ಒಗೆಯುತ್ತಿದ್ದವಳು, ಎಲ್ಲರೂ ಕೈಯಲ್ಲಿ ಇದ್ದದ್ದನ್ನು ಹಿಡಿದೇ ಓಡಿ ಬರುವುದು. ಹಿಟ್ಟಿನ ಪೊಟ್ಟಣ, ಒದ್ದೆ ಬಟ್ಟೆ, ಏನಿದ್ದರೆ ಅದು ಅಮೀನನ ಮೈ ಮೇಲೆ. ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳು ಮುಷ್ಕರದಲ್ಲಿದ್ದವು. ನವೆಂಬರ್ 17ರಂದು ಬಾಡಿಗೆ ಕೊಡದವರ ಮೇಲಿನ ಕೇಸು ವಿಚಾರಣೆಗೆ ಬಂತು. ಹೆಂಗಸರ ಜೊತೆಗೆ ಹಡಗಿನ ಕೆಲಸಗಾರರೂ ಕೆಲಸ ಬಿಟ್ಟು ಕೋರ್ಟಿಗೆ ನಡೆದರು. ಕೇಸು ಅಲ್ಲೇ ಬಿತ್ತು. ವರ್ಷ ಮುಗಿಯುವುದರೊಳಗೆ ಪಾರ್ಲಿಮೆಂಟು ಬಾಡಿಗೆಯನ್ನು 1914ರ ಆಗಸ್ಟ್ ಮಟ್ಟಕ್ಕೆ ಕಟ್ಟಿಹಾಕುವ ಕಾನೂನು ತಂದಿತು. ಗ್ಲಾಸ್ಗೋಗೆ ಮಾತ್ರ ಅಲ್ಲ, ದೇಶಕ್ಕೇ.

ನೀವೂ ಬನ್ನಿ ಅಮ್ಮಾ. ಅಜ್ಜಿಯರು ಬಂದರೆ ನನಗೆ ಅರ್ಧ ಕೆಲಸ ಕಮ್ಮಿ. ಈ ಗಂಟೆಯ ವಿಷಯ ಹೇಳಿದಾಗ ಒಬ್ಬ ಅಜ್ಜಿ, ‘ನಮ್ಮ ವಠಾರದಲ್ಲಿ ರಾತ್ರಿ ನಲ್ಲಿ ನೀರು ಬಂದರೆ ತಟ್ಟೆ ಬಡಿಯುತ್ತಿದ್ದೆವು’ ಅಂದರು. ಆಮೇಲೆ ಅವರ ಕಥೆಯೇ ನಡೆಯಿತು, ಮೇರಿ ಬಾರ್ಬರ್ ಸ್ವಲ್ಪ ಹೊತ್ತು ಕಾದರು.

ನಡುವೆ ಮಗು ಅತ್ತರೆ ಏನು ಮಾಡುತ್ತೀರಿ? ನನ್ನ ಮಗಳು ಗಂಟೆಗೊಮ್ಮೆ ಹಾಲು ಕೇಳುತ್ತಾಳೆ. ಎಲ್ಲರ ಎದುರು ಕುಡಿಸಲು ಮುಜುಗರ. ಅದಕ್ಕೇ ಎಲ್ಲಿಗೂ ಹೋಗುತ್ತಿಲ್ಲ.
— ಮನೆಯಲ್ಲೇ ಉಳಿದವಳು

ಅತ್ತರೆ ಅಳಲಿ. ಹತ್ತು ಕೂಸುಗಳಿರುವ ಗುಂಪಿನಲ್ಲಿ ಯಾವುದೋ ಒಂದು ಅಳುತ್ತಲೇ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದೇ ನಾನು ಮಾತು ಜೋಡಿಸುತ್ತೇನೆ. ಒಂದು ಕಡೆ ನಿಂತು ಐದು ನಿಮಿಷಕ್ಕಿಂತ ಜಾಸ್ತಿ ಹೇಳುವುದಿಲ್ಲ. ಪ್ರಾಮ್ ನಿಂತರೆ ಮಲಗಿದ ಮಗುವೂ ಎಚ್ಚರವಾಗುತ್ತದೆ. ಒಂದೊಂದು ಜಾಗದ ಕಥೆ ಅಲ್ಲಲ್ಲಿಗೇ ಮುಗಿಯಬೇಕು. ನೀವು ಡೈಪರ್ ಬದಲಿಸಲು ಹೋಗಿ ಎರಡು ಜಾಗ ತಪ್ಪಿಸಿಕೊಂಡರೂ ಮೂರನೆಯದು ಅರ್ಥವಾಗಬೇಕು. ‘ಆಗಲೇ ಹೇಳಿದೆನಲ್ಲ’ ಎನ್ನುವ ಮಾತು ನಮ್ಮ ನಡಿಗೆಯಲ್ಲಿ ಇಲ್ಲ.

ಹಾಲಿನ ವಿಷಯಕ್ಕೆ ಕಾನೂನೇ ನಿಮ್ಮ ಕಡೆ ಇದೆ. ಸ್ಕಾಟ್ಲೆಂಡಿನಲ್ಲಿ 2005ರಿಂದ, ಎರಡು ವರ್ಷದೊಳಗಿನ ಮಗುವಿಗೆ ಸಾರ್ವಜನಿಕ ಜಾಗದಲ್ಲಿ ಹಾಲು ಕುಡಿಸುವುದನ್ನು ತಡೆಯುವುದು ಅಪರಾಧ. ಎದೆ ಹಾಲಾದರೂ ಸರಿ, ಬಾಟಲಿಯಾದರೂ ಸರಿ. ತಡೆದವರಿಗೆ 2,500 ಪೌಂಡ್‌ವರೆಗೆ ದಂಡ ಹಾಕಬಹುದು. ಇದನ್ನು ಪ್ರತಿ ಸಲ ಹೊರಡುವ ಮೊದಲೇ ಹೇಳುತ್ತೇನೆ. ಕೇಳಿದ ಮೇಲೆ ಮುಖದ ಬಿಗಿ ಸಡಿಲವಾಗುವುದು ಕಾಣುತ್ತದೆ. ಆದರೂ ಮುಜುಗರ ಕಾನೂನಿನಿಂದ ಹೋಗುವುದಲ್ಲ, ಗೊತ್ತು. ಅದಕ್ಕೆ ದಾರಿಯಲ್ಲಿ ಕೂರುವ ಜಾಗ ಮೊದಲೇ ನೋಡಿಟ್ಟಿರುತ್ತೇವೆ. ಇಬ್ಬರು ಕುಡಿಸಲು ಕೂತರೆ ಉಳಿದವರು ಅಲ್ಲೇ ಸುತ್ತ ನಿಂತು ಹರಟುತ್ತಾರೆ. ಗುಂಪು ಕಾಯುತ್ತದೆ, ಯಾರನ್ನೂ ಹಿಂದೆ ಬಿಟ್ಟು ಹೋಗುವುದಿಲ್ಲ.

ನಿಮಗಾಗಿ ಒಂದು ಜಾಗ ಹೇಳಲೇ? ಊರ ನಡುವೆ ರಾಟನ್‌ರೋ ಎಂಬ ದಿಬ್ಬ. 1860ರಿಂದ 2001ರವರೆಗೆ ಅಲ್ಲಿ ಹೆರಿಗೆ ಆಸ್ಪತ್ರೆ ಇತ್ತು. ಗ್ಲಾಸ್ಗೋದ ವಯಸ್ಸಾದವರನ್ನು ಕೇಳಿ, ‘ನಾನು ರಾಟನ್‌ರೋದಲ್ಲಿ ಹುಟ್ಟಿದವನು’ ಅನ್ನುವವರು ಎಷ್ಟೋ ಜನ. ಆಸ್ಪತ್ರೆ ಕೆಡವಿದ ಜಾಗ ಈಗ ತೋಟ. ಹಳೇ ಕಟ್ಟಡದ ಕಂಬಗಳ ಬಾಗಿಲು ಮಾತ್ರ ಉಳಿದಿದೆ. ತೋಟದಲ್ಲಿ ಜಾರ್ಜ್ ವೈಲಿ ಎಂಬ ಕಲಾವಿದ ಮಾಡಿದ, ಮನುಷ್ಯರಿಗಿಂತ ಎಷ್ಟೋ ಎತ್ತರದ ಉಕ್ಕಿನ ಪಿನ್ನು ನಿಂತಿದೆ. ಬಟ್ಟೆಯ ಲಂಗೋಟಿಗೆ ಚುಚ್ಚುತ್ತಿದ್ದರಲ್ಲ, ಅದೇ ಸೇಫ್ಟಿ ಪಿನ್ನು. ಊರಿಗೆ ಊರೇ ಯುದ್ಧ ಗೆದ್ದವರಿಗೆ, ವ್ಯಾಪಾರದಲ್ಲಿ ಗೆದ್ದವರಿಗೆ ಕಂಬ ನೆಟ್ಟಿರುವಾಗ ಲಂಗೋಟಿ ಪಿನ್ನಿಗೊಂದು ಸ್ಮಾರಕ! ನನಗೆ ಈ ನಗರದಲ್ಲಿ ಅದಕ್ಕಿಂತ ಇಷ್ಟವಾದ ಶಿಲ್ಪ ಇನ್ನೊಂದಿಲ್ಲ.

ಇದೇ ಆಸ್ಪತ್ರೆಯಲ್ಲಿ 1888ರ ಏಪ್ರಿಲ್‌ನಲ್ಲಿ ಮರ್ಡಾಕ್ ಕ್ಯಾಮರಾನ್ ಎಂಬ ಡಾಕ್ಟರು ಕ್ಯಾಥರೀನ್ ಕೊಲ್ಹೂನ್ ಎಂಬಾಕೆಗೆ ಸಿಸೇರಿಯನ್ ಮಾಡಿದರು. ತಾಯಿ, ಮಗು ಇಬ್ಬರೂ ಉಳಿದರು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಆಕೆಗೆ ಮೂಳೆ ಮೆತ್ತಗಾಗಿ ಬಾಗುವ ರಿಕೆಟ್ಸ್ ಕಾಯಿಲೆ ಆಗಿ ಸೊಂಟದ ಮೂಳೆ ಸೊಟ್ಟಗಾಗಿತ್ತು, ಮಗು ಹೊರಬರಲು ದಾರಿಯೇ ಇರಲಿಲ್ಲ. ಹೊಗೆ ಮುಚ್ಚಿದ ಆಕಾಶ, ಬಿಸಿಲು ಬೀಳದ ಓಣಿ, ಅರೆಹೊಟ್ಟೆ ಊಟ. ಆಗಿನ ಗ್ಲಾಸ್ಗೋದ ಬಡಮಕ್ಕಳಿಗೆ ರಿಕೆಟ್ಸ್ ಮಾಮೂಲು. ಆ ಹೆಣ್ಣುಮಕ್ಕಳು ಬೆಳೆದು ಬಸುರಾದಾಗ ಅದರ ಬೆಲೆ ತೆರುತ್ತಿದ್ದರು.

ಈ ಕಥೆ ಹೇಳುವ ಮುಂಚೆ ಮಾತ್ರ ಒಂದು ಎಚ್ಚರಿಕೆ ಕೊಡುತ್ತೇನೆ: ‘ಈಗ ಹೆರಿಗೆಯ ಕಷ್ಟದ ಮಾತು ಬರುತ್ತದೆ, ಬೇಡದವರು ಪಿನ್ನಿನ ಹತ್ತಿರ ಒಂದು ಸುತ್ತು ಹಾಕಿ ಬನ್ನಿ’ ಅಂತ. ಎದುರಿಗೆ ನಿಂತವರಲ್ಲಿ ಯಾರ ಹೊಲಿಗೆ ಇನ್ನೂ ಮಾಗಿಲ್ಲವೋ, ಯಾರು ಒಂದು ಮಗುವನ್ನು ಕಳೆದುಕೊಂಡು ಇದನ್ನು ಪಡೆದಿದ್ದಾರೋ ನಮಗೇನು ಗೊತ್ತು? ಬೇರೆ ಗೈಡುಗಳು ಸಾವು ನೋವನ್ನು ರುಚಿಯಾಗಿ ಹೇಳುತ್ತಾರೆ. ಬಾಣಂತಿಯರ ಮುಂದೆ ಅದು ನಡೆಯುವುದಿಲ್ಲ.

ಮೂರು ತಿಂಗಳ ಕೂಸಿಗೆ ಇತಿಹಾಸ ಏನು ಅರ್ಥವಾಗುತ್ತದೆ? ಸುಮ್ನೆ ಫ್ಯಾಷನ್ ಅಲ್ವಾ ಇದು?
— ನಿವೃತ್ತ ಮೇಷ್ಟ್ರು

ಏನೂ ಅರ್ಥವಾಗುವುದಿಲ್ಲ ಸಾರ್. ಅದು ಮಲಗಿರುತ್ತದೆ. ನಡಿಗೆ ಇರುವುದು ಅದರ ತಾಯಿಗೆ. ಮೂರು ತಿಂಗಳಿಂದ ಹಾಲು, ಉಚ್ಚೆ, ನಿದ್ದೆ ಬಿಟ್ಟು ಬೇರೆ ಮಾತೇ ಆಡದವಳು ಎರಡು ಗಂಟೆ ಬೇರೇನೋ ಯೋಚಿಸಿದರೆ ಅದು ಫ್ಯಾಷನ್ ಆದರೂ ನನಗೆ ಅಡ್ಡಿಯಿಲ್ಲ. ಸಾಮಾನ್ಯವಾಗಿ ಇಂಥ ನಡಿಗೆಗಳಿಗೆ ಮಗು ತಂದರೆ ಹಿಂದಿನವರು ‘ಶ್’ ಅನ್ನುತ್ತಾರೆ. ಅಥವಾ ಮೂರನೇ ಜಾಗದಲ್ಲೇ ನಲವತ್ತು ಮೆಟ್ಟಿಲು ಎದುರಾಗುತ್ತದೆ. ಆಕೆ ಅಲ್ಲಿಂದ ವಾಪಸ್ಸು.

ನಾನು ಗಂಡಸು. ಹೆಂಡತಿ ಕೆಲಸಕ್ಕೆ ಸೇರಿದ್ದಾಳೆ, ಐದು ತಿಂಗಳ ಮಗನನ್ನು ನೋಡಿಕೊಳ್ಳುವುದು ನಾನೇ. ಬರಬಹುದೇ? ಪ್ರಾಮ್ ತರಲೋ, ಎದೆಗೆ ಕಟ್ಟಿಕೊಳ್ಳಲೋ?
— ರಜೆಯಲ್ಲಿರುವ ಅಪ್ಪ

ಧಾರಾಳವಾಗಿ ಬನ್ನಿ. ಮಗು ಎತ್ತಿಕೊಂಡವರು ಯಾರಾದರೂ ನಮಗೆ ಸರಿ.

ಪ್ರಾಮೋ ಸ್ಲಿಂಗೋ ಎನ್ನುವುದು ದಾರಿಯ ಮೇಲೆ ಹೋಗುತ್ತದೆ. ಗ್ಲಾಸ್ಗೋದ ಸಬ್‌ವೇ 1896ರದ್ದು, ಹದಿನೈದು ಸ್ಟೇಷನ್ನು. ಲಿಫ್ಟ್ ಇರುವುದು ಗೋವನ್‌ನಲ್ಲಿ, ಸೇಂಟ್ ಈನಕ್‌ನಲ್ಲಿ, ಎರಡೇ ಕಡೆ. ಅದಕ್ಕೇ ನಮ್ಮ ಗೋವನ್ ನಡಿಗೆಗೆ ಊರ ಮಧ್ಯದಿಂದ ಬರುವವರಿಗೆ ‘ಸೇಂಟ್ ಈನಕ್‌ನಲ್ಲಿ ಹತ್ತಿ’ ಅಂತಲೇ ಬರೆದಿರುತ್ತೇವೆ. ಬಸ್ಸಿನಲ್ಲಿ ಪ್ರಾಮಿಗೆ ಜಾಗ ಇದೆ; ವೀಲ್‌ಚೇರಿನವರು ಬಂದರೆ ಮಾತ್ರ ಅದು ಅವರದು, ನೀವು ಮಡಚಿಕೊಳ್ಳಬೇಕು. ಗೋವನ್ ಕ್ರಾಸಿನಿಂದ ಎಲ್ಡರ್ ಪಾರ್ಕಿನವರೆಗೆ ರಸ್ತೆ ಸಮತಟ್ಟು, ಪ್ರಾಮಿಗೆ ಹೇಳಿ ಮಾಡಿಸಿದ್ದು. ಒಬ್ಬರೇ ನಡೆದರೆ ಕಾಲು ಗಂಟೆಯ ದಾರಿ. ನಮಗೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ.

ರಾಟನ್‌ರೋಗೆ ಆದರೆ ಕಟ್ಟಿಕೊಂಡು ಬನ್ನಿ. ಅಲ್ಲಿನ ಏರು ಹತ್ತುವಾಗ ಪ್ರಾಮ್ ತಳ್ಳುವವರ ಉಸಿರು ನೋಡಿದರೆ, ನೋವು ತಿನ್ನುತ್ತಾ ಅದೇ ಏರನ್ನು ಹತ್ತಿದ ಹೆಂಗಸರ ನೆನಪಾಗುತ್ತದೆ. ಗಾರ್ನೆಟ್‌ಹಿಲ್ ಎಂಬ ಗುಡ್ಡದ ಮೇಲೆ ಒಂದು ಹಳೇ ಮನೆಯನ್ನು ಇದ್ದ ಹಾಗೇ ಉಳಿಸಿ ತೋರಿಸುತ್ತಾರೆ, ಟೆನೆಮೆಂಟ್ ಹೌಸ್ ಅಂತ. ಆಗ್ನೆಸ್ ಟೌವರ್ಡ್ ಎಂಬ ಶಾರ್ಟ್‌ಹ್ಯಾಂಡ್ ಟೈಪಿಸ್ಟ್ 1911ರಿಂದ 1965ರವರೆಗೆ ಇದ್ದ ಮನೆ. ಆಕೆ ಯಾವುದನ್ನೂ ಬಿಸಾಡಿದವರಲ್ಲ, ಹಾಗಾಗಿ ಎಲ್ಲವೂ ಇದೆ. ಆದರೆ ಮೆಟ್ಟಿಲು ಹತ್ತಬೇಕು. ಅದನ್ನು ನಡಿಗೆಯಲ್ಲಿ ಸೇರಿಸುವುದಿಲ್ಲ, ‘ಅಜ್ಜಿಯ ಕೈಗೆ ಮಗು ಕೊಟ್ಟು ಒಂದು ದಿನ ಹೋಗಿ ಬನ್ನಿ’ ಎಂದು ಹೇಳಿಬಿಡುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟುವ ಪ್ರತಿ ಮಗುವಿಗೂ 2017ರಿಂದ ಸರ್ಕಾರ ಬೇಬಿ ಬಾಕ್ಸ್ ಎಂಬ, ಕೂಸಿಗೆ ಬೇಕಾದ ಸಾಮಾನಿನ ಪೆಟ್ಟಿಗೆ ಕೊಡುತ್ತದೆ. ಅದರಲ್ಲಿ ಸ್ಲಿಂಗ್ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಮಡಿಕೆ ಬಿಚ್ಚದೆ ಕೂತಿದೆ. ಮನೆಯಲ್ಲಿ ಕಟ್ಟಿ ಅಭ್ಯಾಸ ಮಾಡಿಕೊಂಡೇ ಬನ್ನಿ, ಬೀದಿಯಲ್ಲಿ ನಿಂತು ಕಲಿಯುವ ಕೆಲಸ ಅಲ್ಲ. ಮಗುವಿನ ಮುಖ ನಿಮಗೆ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಬಾರದು.

ಮಹಿಳೆಯರ ಇತಿಹಾಸ ಎಂದರೆ ವೋಟಿನ ಹಕ್ಕಿಗೆ ಹೋರಾಡಿದವರು, ಮೊದಲ ಡಾಕ್ಟರು, ಮೊದಲ ಪದವೀಧರೆ, ಹೀಗೆ ಇರಬೇಕಲ್ಲವೇ? ನೀವು ಬಟ್ಟೆ ಒಣಗಿಸುವ ಮೈದಾನ ತೋರಿಸುತ್ತೀರಂತೆ!
— ಇತಿಹಾಸದ ವಿದ್ಯಾರ್ಥಿನಿ

ಅದೂ ಇದೆ, ಇದೂ ಇದೆ ತಂಗಿ. ಎಲ್ಡರ್ ಪಾರ್ಕಿನಲ್ಲಿ ಇಸಬೆಲ್ಲಾ ಎಲ್ಡರ್ ಕೂತಿದ್ದಾರೆ, 1906ರ ಪ್ರತಿಮೆ. ಗಂಡ ಹಡಗಿನ ಕಂಪನಿಯ ಒಡೆಯ. ಆತ ತೀರಿಕೊಂಡ ಮೇಲೆ ಕೆಲವು ತಿಂಗಳು ಕಂಪನಿಯನ್ನು ತಾವೇ ನಡೆಸಿದರು. ಗೋವನ್ ಜನಕ್ಕೆ ಈ ಪಾರ್ಕನ್ನು, ಆಮೇಲೆ ಲೈಬ್ರರಿಯನ್ನು ಕೊಟ್ಟರು. ಹೆಣ್ಣುಮಕ್ಕಳ ಕ್ವೀನ್ ಮಾರ್ಗರೆಟ್ ಕಾಲೇಜಿಗೆ ಒಂದು ದೊಡ್ಡ ಮನೆಯನ್ನೇ ಕೊಂಡು ಕೊಟ್ಟರು, ಅಲ್ಲಿ ವೈದ್ಯಕೀಯ ಓದಿಗೂ ದುಡ್ಡು ಹಾಕಿದರು. 1894ರಲ್ಲಿ ಅಲ್ಲಿಂದ ಮರಿಯನ್ ಗಿಲ್‌ಕ್ರಿಸ್ಟ್ ಡಾಕ್ಟರಾಗಿ ಹೊರಬಂದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿ ಪಡೆದ ಮೊದಲ ಹೆಣ್ಣು. ನಿಮ್ಮ ‘ಮೊದಲು’ ಸಿಕ್ಕಿತಲ್ಲ?

ವೋಟಿನ ಕಥೆ ಹೇಳಲು ಮಿಚೆಲ್ ಲೈಬ್ರರಿಯ ಹಿಂಭಾಗಕ್ಕೆ ಹೋಗುತ್ತೇವೆ. ಅದು ಮುಂಚೆ ಸೇಂಟ್ ಆಂಡ್ರ್ಯೂಸ್ ಹಾಲ್. 1914ರ ಮಾರ್ಚ್ 9ರಂದು ವೋಟಿನ ಹೋರಾಟದ ನಾಯಕಿ ಎಮಲೀನ್ ಪ್ಯಾಂಕ್‌ಹರ್ಸ್ಟ್ ಅಲ್ಲಿ ಭಾಷಣಕ್ಕೆ ಬಂದರು. ಪೊಲೀಸರು ಬಂಧಿಸಲು ಕಾದಿದ್ದರು. ವೇದಿಕೆಯ ಅಂಚಿಗೆ ಹೂವಿನ ಅಲಂಕಾರ. ಅದರ ಒಳಗೆ ಮುಳ್ಳುತಂತಿ. ಪೊಲೀಸರು ಹತ್ತಲು ಹೋಗಿ ಕೈ ಹರಿದುಕೊಂಡರು. ಜುಜುತ್ಸು ಎಂಬ ಜಪಾನಿ ಕುಸ್ತಿ ಕಲಿತ ಹೆಂಗಸರೇ ಆಕೆಗೆ ಕಾವಲು. ಭಾರಿ ಗಲಾಟೆಯ ನಡುವೆ ಕೊನೆಗೂ ಪೊಲೀಸರು ಆಕೆಯನ್ನು ಎಳೆದುಕೊಂಡು ಹೋದರು. ಎಲ್ಲರೂ ಕಣ್ಣರಳಿಸಿ ಕೇಳುವ ಕಥೆ ಇದು.

ಆದರೆ ನನ್ನ ಮನಸ್ಸು ಇರುವುದು ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ. ಅಲ್ಲಿ ಹುಲ್ಲಿನ ನಡುವೆ ಸಾಲಾಗಿ ಕಬ್ಬಿಣದ ಕಂಬಗಳು ನಿಂತಿವೆ. ಗೊತ್ತಿಲ್ಲದವರು ಏನೋ ಕಲಾಕೃತಿ ಎಂದುಕೊಂಡು ಫೋಟೋ ತೆಗೆಯುತ್ತಾರೆ. ಅವು ಬಟ್ಟೆ ಒಣಗಿಸುವ ಕಂಬಗಳು. ಈ ಮೈದಾನದಲ್ಲಿ ಬಟ್ಟೆ ಒಗೆದು ಒಣಗಿಸುವುದು ಊರಿನ ಹೆಂಗಸರ ಹಕ್ಕಾಗಿತ್ತು. 1700ರ ದಶಕಗಳಲ್ಲೇ ಇಲ್ಲಿ ಒಗೆಯುವ ಮನೆ ಕಟ್ಟಿದ್ದರು. ಆಮೇಲೆ ಬಡಾವಣೆ ಬಡಾವಣೆಗೂ ಸಾರ್ವಜನಿಕ ಒಗೆಯುವ ಮನೆಗಳು ಬಂದವು, ಇಲ್ಲಿನವರು ಸ್ಟೀಮಿ ಅನ್ನುತ್ತಾರೆ. ಕಾಸು ಕೊಟ್ಟು ಬಿಸಿನೀರು, ತೊಟ್ಟಿ ಬಾಡಿಗೆಗೆ ಪಡೆಯುವುದು. ಅಲ್ಲಿಗೆ ಬಟ್ಟೆ ಗಂಟನ್ನು ಹೇಗೆ ಒಯ್ಯುತ್ತಿದ್ದರು ಗೊತ್ತಾ? ಹಳೇ ಪ್ರಾಮಿನಲ್ಲಿ. ಮಗು ದೊಡ್ಡದಾದ ಮೇಲೂ ಪ್ರಾಮ್ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಒದ್ದೆ ಬಟ್ಟೆಯ ಭಾರ ಹೊರಲು ಬೇಕಿತ್ತು. ಇದನ್ನು ಹೇಳುವಾಗ ನನ್ನೆದುರು ಪ್ರಾಮುಗಳ ಸಾಲು ನಿಂತಿರುತ್ತದೆ, ಅವುಗಳ ಕೆಳಗಿನ ಬುಟ್ಟಿಯಲ್ಲಿ ಡೈಪರು, ತರಕಾರಿ, ಒದ್ದೆ ಜಾಕೆಟ್ಟು. ಯಾರೂ ಏನೂ ವಿವರಿಸಬೇಕಿಲ್ಲ.

ಮೇರಿ ಬಾರ್ಬರ್ 1920ರಲ್ಲಿ ನಗರಸಭೆಗೆ ಗೆದ್ದು ಹೋದರು, ಅಲ್ಲಿ ಕಾಲಿಟ್ಟ ಮೊದಲ ಹೆಂಗಸರಲ್ಲಿ ಒಬ್ಬರು. ಹೋಗಿ ಕೇಳಿದ್ದು ಏನು? ಒಗೆಯುವ ಮನೆ, ಸ್ನಾನದ ಮನೆ, ಶಾಲೆಯ ಮಕ್ಕಳಿಗೆ ಹಾಲು, ಕೂಸುಗಳಿಗೆ ಆರೋಗ್ಯ ಕೇಂದ್ರ. ಗೋವನ್‌ನಲ್ಲಿ ಮಕ್ಕಳ ನಡುವೆ ಅಂತರ ಇಡಲು ಸಲಹೆ ಕೊಡುವ ಕ್ಲಿನಿಕ್ಕು ತೆರೆಯುವುದರಲ್ಲೂ ಅವರೇ ಮುಂದೆ. ವೋಟು ಬಂದ ಮೇಲೆ ಅದನ್ನು ಯಾವುದಕ್ಕೆ ಬಳಸಿದರು ಎನ್ನುವುದು ಇತಿಹಾಸ ಅಲ್ವಾ?

ಒಣಗಿಸುವ ಕಂಬಗಳ ಪಕ್ಕದಲ್ಲೇ ಟೆಂಪಲ್ಟನ್ ಕಾರ್ಪೆಟ್ ಕಾರ್ಖಾನೆ ಇದೆ. ವೆನಿಸ್‌ನ ಅರಮನೆ ನೋಡಿ ಕಟ್ಟಿದ ಬಣ್ಣ ಬಣ್ಣದ ಇಟ್ಟಿಗೆಯ ಮುಖ, ಪ್ರವಾಸಿಗರೆಲ್ಲ ನಿಂತು ನೋಡುತ್ತಾರೆ. ಕಟ್ಟುತ್ತಿದ್ದಾಗ, 1889ರ ನವೆಂಬರ್ 1ರಂದು, ಬಿರುಗಾಳಿಗೆ ಆ ಗೋಡೆ ಉರುಳಿ ಹಿಂದಿನ ಮಗ್ಗದ ಮನೆಯ ಮೇಲೆ ಬಿತ್ತು. ಒಳಗೆ ನೇಯುತ್ತಿದ್ದ 29 ಹೆಂಗಸರು, ಹುಡುಗಿಯರು ಸತ್ತರು. ಗೋಡೆಯನ್ನು ಮತ್ತೆ ಕಟ್ಟಿದರು. ನಾವು ಈಗ ನೋಡುತ್ತಿರುವುದು ಅದು. ಹತ್ತಿರದಲ್ಲೇ ಅವರ ಸ್ಮಾರಕವೂ ಇದೆ. ಅಂದ ನೋಡಲು ಬರುವವರು ಅದರ ಕಡೆ ತಿರುಗುವುದು ಕಮ್ಮಿ. ನಾವು ಮೊದಲು ಅಲ್ಲಿಗೆ ಹೋಗಿ ಆಮೇಲೆ ಗೋಡೆಯ ಮುಂದೆ ನಿಲ್ಲುತ್ತೇವೆ.

ಈ ಇತಿಹಾಸದಲ್ಲಿ ನಮ್ಮ ಕಡೆಯ ಹೆಂಗಸರು ಎಲ್ಲಾದರೂ ಬರುತ್ತಾರೆಯೇ?
— ಒಬ್ಬ ಓದುಗಿ

ಬರುತ್ತಾರೆ. ಅದಕ್ಕೆ ಲಂಡನ್ನಿಗೆ ಹೋಗಬೇಕು. ಭಾರತದಲ್ಲಿದ್ದ ಬ್ರಿಟಿಷ್ ಸಂಸಾರಗಳು ಊರಿಗೆ ಮರಳುವಾಗ ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಕರೆತರುತ್ತಿದ್ದರು. ವಾರಗಟ್ಟಲೆ ಸಮುದ್ರದ ಮೇಲೆ ವಾಂತಿ, ಜ್ವರ, ಅಳು ಎಲ್ಲ ಇವರ ಮಡಿಲಿಗೆ. ದಡ ಮುಟ್ಟಿದ ಮೇಲೆ ಕೆಲವರು ವಾಪಸ್ ಟಿಕೆಟ್ಟೂ ಕೊಡದೆ ಕೈಬಿಡುತ್ತಿದ್ದರು. ಅಂಥವರಿಗೆ ಉಳಿಯಲು, ಮರಳಿ ಹೋಗುವ ಇನ್ನೊಂದು ಸಂಸಾರ ಸಿಗುವವರೆಗೆ ಕಾಯಲು ‘ಆಯಾಗಳ ಮನೆ’ ಅಂತಲೇ ಇತ್ತು. 1900ರಲ್ಲಿ ಅದು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ಮನೆಗೆ ಬಂತು. 2022ರ ಜೂನ್‌ನಲ್ಲಿ ಆ ಮನೆಗೆ ಅದರ ಚರಿತ್ರೆ ನೆನಪಿಸುವ ನೀಲಿ ಫಲಕ ಹಾಕಿದರು.

ಗ್ಲಾಸ್ಗೋದ ಬೀದಿಯಲ್ಲಿ ನಿಂತು ನಾನು ಇದನ್ನು ಹೇಳುವುದು ಅಪರೂಪ, ಜಾಗ ಇಲ್ಲಿಯದಲ್ಲವಲ್ಲ. ಆದರೆ ಬಾಣಂತನಕ್ಕೆ ಬಂದ ಅಮ್ಮಂದಿರು ಗುಂಪಿನಲ್ಲಿದ್ದರೆ ಬಾಯಿ ತಡೆಯುವುದಿಲ್ಲ. ಬೇರೆಯವರ ಮಗುವನ್ನು ಎತ್ತಿಕೊಂಡು ಅವರೂ ಇದೇ ದೇಶಕ್ಕೆ ಬಂದರು.

ನಮ್ಮ ಊರಿನಲ್ಲೂ ಇಂಥದ್ದು ಮಾಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?
— ಉತ್ಸಾಹ ಇದೆ, ಸಮಯ ಇಲ್ಲ

ಪ್ರತಿಮೆಗಳಿಂದ ಬೇಡ. ಹೆಂಗಸರ ಪ್ರತಿಮೆ ಹುಡುಕಲು ಹೊರಟರೆ ಯಾವ ಊರಿನಲ್ಲೂ ನಡಿಗೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ನೀರು ಎಲ್ಲಿಂದ ತರುತ್ತಿದ್ದರು, ಬಟ್ಟೆ ಎಲ್ಲಿ ಒಗೆಯುತ್ತಿದ್ದರು, ಹೆರಿಗೆ ಎಲ್ಲಿ ಆಗುತ್ತಿತ್ತು, ಹುಡುಗಿಯರು ಮೊದಲು ಓದಿದ್ದು ಎಲ್ಲಿ, ಕೂಲಿಗೆ ಹೋಗುತ್ತಿದ್ದುದು ಯಾವ ಗೇಟಿನಿಂದ? ಇಷ್ಟು ಕೇಳಿ. ಊರಿನ ಹಿರಿಯ ಹೆಂಗಸರನ್ನು ಕೇಳಿ, ಲೈಬ್ರರಿಯಲ್ಲಿ ಹಳೇ ನಕ್ಷೆ, ಪೇಪರು ತೆರೆಯಿರಿ. ಇಬ್ಬರು ಹೇಳಿದ್ದು ಹೊಂದದಿದ್ದರೆ ಮೂರನೆಯದು ಸಿಗುವವರೆಗೆ ಆ ಕಥೆ ಹೇಳಬೇಡಿ. ನಮಗೆ ಇಲ್ಲಿ ಗ್ಲಾಸ್ಗೋ ವಿಮೆನ್ಸ್ ಲೈಬ್ರರಿ ಇದೆ. 1991ರಲ್ಲಿ ಶುರುವಾದದ್ದು, ಈಗ ಬ್ರಿಜ್‌ಟನ್‌ನ ಹಳೇ ಲೈಬ್ರರಿ ಕಟ್ಟಡದಲ್ಲಿದೆ. ಹೆಂಗಸರ ಚರಿತ್ರೆಯ ನಡಿಗೆಗಳನ್ನು ಅವರು ಬಹಳ ಹಿಂದಿನಿಂದ ನಡೆಸುತ್ತಿದ್ದಾರೆ. ನಾನು ಕಲಿತದ್ದೂ ಅವರ ಹಿಂದೆ ನಡೆದೇ.

ಜಾಗಗಳು ಸಿಕ್ಕ ಮೇಲೆ ಖಾಲಿ ಪ್ರಾಮಿಗೆ ಹತ್ತು ಕಿಲೋ ಅಕ್ಕಿ ಮೂಟೆ ಹಾಕಿ ದಾರಿಯನ್ನು ಒಮ್ಮೆ ತಳ್ಳಿ ನೋಡಿ. ಫುಟ್‌ಪಾತ್ ಎಲ್ಲಿ ತುಂಡಾಗುತ್ತದೆ, ಎಲ್ಲಿ ಬೈಕು ನಿಲ್ಲಿಸಿರುತ್ತಾರೆ, ಇಳಿಜಾರು ಎಲ್ಲಿ ಇಲ್ಲ, ನೆರಳು ಎಲ್ಲಿದೆ, ನಿಂತು ಮಾತಾಡಿದರೆ ಬಸ್ಸಿನ ಸದ್ದಿಗೆ ಕೇಳುತ್ತದೆಯೇ. ಕಾಗದದ ಮೇಲೆ ಚೆನ್ನಾಗಿ ಕಂಡ ಜಾಗಗಳಲ್ಲಿ ಅರ್ಧ ಇಲ್ಲೇ ಬಿದ್ದುಹೋಗುತ್ತವೆ, ಬೀಳಲಿ. ದಾರಿ ಎರಡು ಕಿಲೋಮೀಟರ್ ಮೀರದಿರಲಿ. ಶೌಚಾಲಯ ಎಲ್ಲಿ ಇದೆಯೋ ಅಲ್ಲಿಂದ ಶುರು ಮಾಡಿ, ಅಥವಾ ಅಲ್ಲಿಗೇ ಮುಗಿಸಿ. ಮಗುವಿನ ಬಟ್ಟೆ ಬದಲಿಸುವ ಜಾಗ ಇದೆಯೇ ಎಂದು ಫೋನಿನಲ್ಲಿ ಕೇಳಬೇಡಿ, ಹೋಗಿ ನೋಡಿ. ‘ಇದೆ’ ಅನ್ನುತ್ತಾರೆ, ಹೋದರೆ ಅದರ ಮೇಲೆ ಪೊರಕೆ ಬಕೆಟ್ಟು ಇಟ್ಟಿರುತ್ತಾರೆ.

ಜೊತೆಗೆ ಇನ್ನೊಬ್ಬರು ಇರಲೇಬೇಕು. ಒಬ್ಬರು ಮುಂದೆ ಕಥೆ ಹೇಳುತ್ತಿದ್ದರೆ ಇನ್ನೊಬ್ಬರು ಕೊನೆಯ ಪ್ರಾಮಿನ ಹಿಂದೆ ನಡೆಯಬೇಕು. ರಸ್ತೆ ದಾಟುವಾಗ ಗುಂಪು ಎರಡಾಗುತ್ತದೆ, ಅದನ್ನು ನೋಡಿಕೊಳ್ಳುವವರು ಅವರೇ. ಹತ್ತು ಕೂಸಿಗಿಂತ ಜಾಸ್ತಿ ಬೇಡ. ಹೊತ್ತು ಬೆಳಗ್ಗೆ ಹತ್ತೂವರೆ. ಅದಕ್ಕೆ ಮುಂಚೆ ಯಾವ ತಾಯಿಯೂ ಮನೆಯಿಂದ ಹೊರಬೀಳಲಾರಳು.

ಮಳೆ ಬಂದರೆ? ದುಡ್ಡು ಎಷ್ಟು?
— ಚುಟುಕು ಓದುಗ

ಗ್ಲಾಸ್ಗೋದಲ್ಲಿ ‘ಮಳೆ ಬಂದರೆ’ ಅಂತ ಕೇಳುವ ಹಾಗಿಲ್ಲ, ಬರುತ್ತದೆ. ಪ್ರಾಮಿಗೆ ಪ್ಲಾಸ್ಟಿಕ್ ಹೊದಿಕೆ ತನ್ನಿ, ಮಳೆ ನಿಂತ ಕೂಡಲೇ ತೆಗೆಯಿರಿ. ಜೋರು ಗಾಳಿ ಇದ್ದರೆ ಹಿಂದಿನ ರಾತ್ರಿಯೇ ರದ್ದು ಮಾಡಿ ಎಲ್ಲರಿಗೂ ಮೆಸೇಜ್ ಹಾಕುತ್ತೇವೆ. ನಮ್ಮದಕ್ಕೆ ದುಡ್ಡಿಲ್ಲ. ಕೊನೆಯಲ್ಲಿ ಎಲ್ಲರೂ ಕೂತು ಚಹಾ ಕುಡಿಯುತ್ತೇವೆ, ಅವರವರದು ಅವರವರೇ ಕೊಡುವುದು.